ಸಾವಿರದ ಒಂಬತ್ತರ ಸಾಲು

ನಮ್ಮ ಪಡಸಾಲೆಯ ಗೋಡೆಗೆ ಸುಣ್ಣ ಹೊಡೆಸದೆ ಇದ್ದಿದ್ದರೆ ಇದೇನೂ ಆಗುತ್ತಿರಲಿಲ್ಲ. ಹೊಡೆಸಬೇಡಿ ಅಂತ ನನ್ನ ಹೆಂಡತಿ ಪುಟ್ಟಗೌರಿ ಬಾಯಿ ಬಡಿದುಕೊಂಡಳು. ಮದುವೆಗೆ ಇನ್ನು ನಾಲ್ಕು ದಿನ ಇದೆ, ಈಗ ಮನೆಯ ಸಾಮಾನೆಲ್ಲ ಅಂಗಳಕ್ಕೆ ಎಳೆದು ಕೂತರೆ ಯಾರು ಎತ್ತಿಡುತ್ತಾರೆ ಅನ್ನುವುದು ಅವಳ ವಾದ. ಮದುವೆ ನಮ್ಮ ಮನೆಯದಲ್ಲ, ಕುಂಬಾರರ ಸಿದ್ದವ್ವನ ಮಗಳದು. ಆದರೂ ಅವಳ ಮಾತು ಕೇಳಬೇಕಿತ್ತು. ಕೇಳಲಿಲ್ಲ.

ನಾನು ಈ ಊರಿನ ಭಾಗದಯ್ಯ, ಹೆಸರು ಮಾದಯ್ಯ. ನಮ್ಮೂರಲ್ಲಿ ಮಗು ಹುಟ್ಟಿದರೆ ಸೂಲಗಿತ್ತಿ ಮೊದಲು ನೋಡುವುದು ಅದರ ಎಡ ಅಂಗಾಲನ್ನು. ಗಂಡೋ ಹೆಣ್ಣೋ ಎಂಬುದು ಆಮೇಲಿನ ಮಾತು. ಅಂಗಾಲಿನಲ್ಲಿ ಹುಟ್ಟುತ್ತಲೇ ಮೂಡಿರುವ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ನಮ್ಮ ಮನೆಗೆ ಕಳಿಸುತ್ತಾರೆ. ನಾನು ಎರಡರಿಂದ ಶುರು ಮಾಡಿ ಭಾಗಿಸುತ್ತ ಹೋಗುತ್ತೇನೆ. ಎರಡು, ಮೂರು, ಐದು, ಏಳು, ಹನ್ನೊಂದು, ಹೀಗೆ. ಯಾವುದು ಮೊದಲು ಶೇಷವಿಲ್ಲದೆ ಭಾಗಿಸುತ್ತದೋ ಮಗು ಆ ಸಾಲಿನದು. ಸಾಲು ಗೊತ್ತಾಗುವವರೆಗೆ ತೊಟ್ಟಿಲಿಗೆ ಹಾಕುವಂತಿಲ್ಲ, ಹೀಗಾಗಿ ತಾಯಂದಿರು ದಿನಕ್ಕೆ ಹತ್ತು ಸಲ ಜನ ಕಳಿಸಿ ನನ್ನ ಪ್ರಾಣ ತಿನ್ನುತ್ತಾರೆ. ಹೆಚ್ಚಿನವರದು ಒಂದು ಕ್ಷಣದ ಕೆಲಸ. ಕೊನೆಯ ಅಂಕಿ ಸಮ ಇದ್ದರೆ ಚೀಟಿ ತಂದವರು ಚಪ್ಪಲಿ ಬಿಡುವುದರೊಳಗೆ ಉತ್ತರ ಹೇಳಿ ಕಳಿಸುತ್ತೇನೆ.

ಊರಿನಲ್ಲಿ ನೂರು ಜನ ಊಟಕ್ಕೆ ಕೂತರೆ ಐವತ್ತು ಜನ ಎರಡರ ಸಾಲು, ಹದಿನಾರೋ ಹದಿನೇಳೋ ಮೂರರ ಸಾಲು, ಆರೇಳು ಜನ ಐದರ ಸಾಲು. ಬಡಿಸುವವರು ಇದೇ ಕ್ರಮದಲ್ಲಿ ಬರುವುದರಿಂದ ಎರಡರವರಿಗೆ ಸಾರು ಬಿಸಿಬಿಸಿ ಸಿಗುತ್ತದೆ, ಇಪ್ಪತ್ಮೂರರ ಸಾಲಿನವರಿಗೆ ಹಪ್ಪಳ ಸಿಕ್ಕರೆ ಪುಣ್ಯ. ಸಾಲಿನವರೇ ನೆಂಟರು. ಕಾಯಿಲೆ ಬಿದ್ದರೆ ಗಂಜಿ ತರುವವರು ಅವರು, ಸತ್ತರೆ ಹೆಗಲು ಕೊಡುವವರು ಅವರು. ಅಣ್ಣ, ಅಕ್ಕ, ತಮ್ಮ, ತಂಗಿ ಎಂದು ಕರೆಯುವುದೂ ಸಾಲಿನವರನ್ನು ಮಾತ್ರ. ಒಡಹುಟ್ಟಿದ ಅಣ್ಣನೇ ಆದರೂ ಸಾಲು ಬೇರೆಯಾದರೆ ಹೆಸರು ಹಿಡಿದು ಕರೆಯಬೇಕು. ಹೊರಗಿನಿಂದ ಬಂದವರು ಇದಕ್ಕೆ ಮೂಗು ಮುರಿಯುತ್ತಾರೆ, ನಮಗೆ ಅಭ್ಯಾಸವಾಗಿದೆ.

ಯಾವುದರಿಂದಲೂ ಭಾಗವಾಗದ ದೊಡ್ಡ ಸಂಖ್ಯೆ ಹೊತ್ತು ಹುಟ್ಟುವವರು ಅಪರೂಪ. ಅವರನ್ನು ಒಡೆಯದವರು ಎನ್ನುತ್ತೇವೆ. ಅವರಿಗೆ ಸಾಲಿಲ್ಲ. ಮದುವೆ ಮನೆಯಲ್ಲಿ ಮೂಲೆಯಲ್ಲೊಂದು ಒಂಟಿ ಎಲೆ ಹಾಕುತ್ತಾರೆ, ನೆನಪಾದಾಗ ಬಡಿಸುತ್ತಾರೆ. ಆದರೆ ಅವರಲ್ಲಿ ಎಲ್ಲರಿಗಿಂತ ದೊಡ್ಡ ಸಂಖ್ಯೆಯವರಿಗೆ ನ್ಯಾಯದ ಕಟ್ಟೆ. ಯಾರಿಗೂ ನೆಂಟರಲ್ಲದವರು ಯಾರ ಪಕ್ಷವನ್ನೂ ವಹಿಸುವುದಿಲ್ಲ ಎಂಬ ನಂಬಿಕೆ. ಗದ್ದೆಯ ಬದು, ಹಾಲಿನ ನೀರು, ಹೆಂಡತಿಯ ತವರು, ಏನೇ ಜಗಳವಿದ್ದರೂ ಕಟ್ಟೆಯಲ್ಲಿ ಕೂತವರ ಮಾತೇ ಕಡೆಯದು. ತನ್ನ ಸಾಲಿನವರ ವ್ಯಾಜ್ಯ ಕೇಳಬಾರದು ಎಂಬ ಒಂದೇ ಕಟ್ಟುಪಾಡು, ಸಾಲೇ ಇಲ್ಲದ ಮೇಲೆ ಅದೂ ಇಲ್ಲ.

ನಾನು ಹೇಳುತ್ತಿರುವ ಕಾಲಕ್ಕೆ ಊರಿನಲ್ಲಿ ಒಡೆಯದವರು ಇಬ್ಬರು. ಒಬ್ಬರು ಸಣ್ಣತಾಯಮ್ಮ, ವಯಸ್ಸು ಅರವತ್ಮೂರು, ಮೂವತ್ತೆಂಟು ವರ್ಷದಿಂದ ಕಟ್ಟೆಯಲ್ಲಿ ಕೂತವರು. ಅವರ ಸಂಖ್ಯೆ ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು. ಅಷ್ಟು ದೊಡ್ಡದು ಈ ಊರಿನಲ್ಲಿ ಹಿಂದೆಯೂ ಹುಟ್ಟಿರಲಿಲ್ಲ, ಆಮೇಲೂ ಹುಟ್ಟಿಲ್ಲ. ಅದನ್ನು ಭಾಗಿಸಿದ್ದು ನಮ್ಮಪ್ಪ ಮುದ್ದಯ್ಯ. ಒಂಬತ್ತು ದಿನ ಹಿಡಿಯಿತಂತೆ. ಹತ್ತನೆಯ ದಿನ ಅಪ್ಪ ಹೊರಗೆ ಬಂದು "ಒಡೆಯಲ್ಲ" ಎಂದಾಗ ಊರಿಗೆ ಊರೇ ಹೋಳಿಗೆ ಊಟ ಮಾಡಿತು. ಕಟ್ಟೆ ಹನ್ನೆರಡು ವರ್ಷದಿಂದ ಖಾಲಿ ಬಿದ್ದಿತ್ತು. ಮಗುವಿಗೆ ಕಟ್ಟೆಯಲ್ಲಿ ಕೂರುವ ವಯಸ್ಸಾಗಲು ಇನ್ನೂ ಇಪ್ಪತ್ತೈದು ವರ್ಷ ಕಾಯಬೇಕೆಂಬುದು ಹೋಳಿಗೆ ತಿಂದಾದ ಮೇಲೆ ನೆನಪಾಯಿತಂತೆ.

ಎರಡನೆಯವನು ಸುಣ್ಣ ಹೊಡೆಯುವ ಜವರಪ್ಪ. ಸಣ್ಣತಾಯಮ್ಮನವರಿಗಿಂತ ಐದು ವರ್ಷ ಚಿಕ್ಕವನು. ಸಂಖ್ಯೆ ಬರೀ ಸಾವಿರದ ಒಂಬತ್ತು. ಅಪ್ಪನಿಗೆ ಅದು ಹನ್ನೊಂದೇ ಭಾಗಾಕಾರದ ಕೆಲಸವಾಗಿತ್ತು, ಮೂವತ್ತೊಂದರವರೆಗೆ ಹೋಗಿ ನಿಲ್ಲಿಸಿದರೆ ಸಾಕು. ಕಟ್ಟೆಗೆ ದೊಡ್ಡ ಸಂಖ್ಯೆ ಸಿಕ್ಕಿಯಾಗಿತ್ತಾದ್ದರಿಂದ ಜವರಪ್ಪನಿಗೆ ಒಂಟಿ ಎಲೆ ಮಾತ್ರ ಉಳಿಯಿತು. ಊಟದ ಮನೆಯಲ್ಲಿ ಸಣ್ಣತಾಯಮ್ಮನವರ ಎಲೆ ಬಡಗಣ ಮೂಲೆಗೆ, ಇವನದು ತೆಂಕಣ ಮೂಲೆಗೆ. ಅವರಿಗಾದರೂ ಕಟ್ಟೆಯ ಮರ್ಯಾದೆಗೆ ಬಡಿಸುತ್ತಿದ್ದರು. ಇವನನ್ನು ಮರೆತೇ ಬಿಡುತ್ತಿದ್ದರು. ಸಾರಿನವನು ದಾಟಿ ಹೋದರೆ ಜವರಪ್ಪ ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮೂರನೆಯದಕ್ಕೂ ತಿರುಗದಿದ್ದರೆ ಬರೀ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಏಳುತ್ತಿದ್ದ. ಕೂಗಿ ಕರೆದವನಲ್ಲ.

ಅವನದೊಂದು ವ್ಯಾಜ್ಯವೂ ಇತ್ತು. ಪಕ್ಕದ ಮನೆಯ ಕೆಂಪಯ್ಯ ಸೂರು ಇಳಿಸಿ ಕಟ್ಟಿದ್ದರಿಂದ ಮಳೆ ನೀರೆಲ್ಲ ಜವರಪ್ಪನ ಗೋಡೆಯ ಮೇಲೆ ಸುರಿಯುತ್ತಿತ್ತು. ಊರಿನ ಗೋಡೆಗೆಲ್ಲ ಸುಣ್ಣ ಹೊಡೆಯುವವನ ಮನೆಯ ಗೋಡೆ ಮಾತ್ರ ವರ್ಷವಿಡೀ ಹಸಿರು. ದೂರು ಕೊಟ್ಟು ಮೂವತ್ತೊಂದು ವರ್ಷ. ಪ್ರತಿ ಸಲವೂ ಸಣ್ಣತಾಯಮ್ಮ "ಮುಂದಿನ ಅಮಾವಾಸ್ಯೆಗೆ ನೋಡೋಣ" ಅನ್ನುತ್ತಿದ್ದರು. ಬೇರೆಯವರ ವ್ಯಾಜ್ಯವನ್ನು ಎಲೆ ಅಡಿಕೆ ಜಗಿಯುವುದರೊಳಗೆ ಮುಗಿಸುವ ಹೆಂಗಸು ಈ ಸೂರಿನ ವಿಷಯಕ್ಕೆ ಯಾಕೆ ಹೀಗೆ ಮಾಡುತ್ತಾರೆಂದು ಯಾರಿಗೂ ತಿಳಿಯಲಿಲ್ಲ. ಕೆಂಪಯ್ಯ ಹಾಲು ತುಪ್ಪ ಮುಟ್ಟಿಸುತ್ತಾನೆ ಎಂದು ಕೆಲವರು ಆಡಿಕೊಂಡರು. ಜವರಪ್ಪನ ಅಮಾವಾಸ್ಯೆ ಎಂಬುದು ಊರಿನಲ್ಲಿ ತಮಾಷೆಯ ಮಾತಾಯಿತು. ಸಾಲ ಕೇಳಿದರೆ, ಹೆಣ್ಣು ಕೇಳಿದರೆ, ಕೊಡಲು ಮನಸ್ಸಿಲ್ಲದವರು ಜವರಪ್ಪನ ಅಮಾವಾಸ್ಯೆಗೆ ಬನ್ನಿ ಎನ್ನುತ್ತಿದ್ದರು.

ಇಂಥ ಜವರಪ್ಪನನ್ನೇ ನಾನು ಪಡಸಾಲೆಯ ಗೋಡೆಗೆ ಕರೆಸಿದೆ. ಆ ಗೋಡೆಯ ಮೇಲೆ ನಮ್ಮ ಮುತ್ತಾತ ಒಡೆಯದ ಸಂಖ್ಯೆಗಳನ್ನೆಲ್ಲ ಕೆಮ್ಮಣ್ಣಿನಲ್ಲಿ ಬರೆದಿದ್ದರು. ಒಂದು ಸಾಲಿಗೆ ಹನ್ನೆರಡರಂತೆ ಹದಿನಾಲ್ಕು ಸಾಲು, ಒಟ್ಟು ನೂರ ಅರವತ್ತೆಂಟು. ಮೊದಲನೆಯದು ಎರಡು, ಕೊನೆಯದು ಒಂಬೈನೂರ ತೊಂಬತ್ತೇಳು. ಅಲ್ಲಿಗೆ ಗೋಡೆ ಮುಗಿದು ಬಾಗಿಲು ಬರುತ್ತದೆ. ನಮ್ಮ ಮನೆಯ ಭಾಗಾಕಾರವೆಲ್ಲ ಈ ಗೋಡೆ ನೋಡಿಕೊಂಡೇ ನಡೆಯುವುದು. ಗೋಡೆಯ ಕೊನೆಗೆ ಬಂದರೂ ಭಾಗವಾಗಲಿಲ್ಲ ಎಂದರೆ ಸಂಖ್ಯೆ ಒಡೆಯುವುದಿಲ್ಲ ಎಂದರ್ಥ. ಅಪ್ಪ ನನಗೆ ಕಲಿಸಿದ್ದೂ ಅಷ್ಟೇ, ಅದಕ್ಕಿಂತ ಮುಂದೆ ನಾನೂ ತಲೆ ಕೆಡಿಸಿಕೊಂಡವನಲ್ಲ.

ಜವರಪ್ಪ ಸುಣ್ಣ ಹೊಡೆದ. ಒಣಗಿದ ಮೇಲೆ ನಾನು ಮೊದಲೇ ಇಳಿಸಿಕೊಂಡಿದ್ದ ಕಾಗದ ನೋಡಿ ಸಂಖ್ಯೆ ಓದುತ್ತ ಹೋದೆ, ಅವನು ಏಣಿಯ ಮೇಲೆ ನಿಂತು ಕುಂಚದಲ್ಲಿ ಬರೆಯುತ್ತ ಹೋದ. ಒಂಬೈನೂರ ತೊಂಬತ್ತೇಳು ಬರೆದು ಕೆಳಗಿಳಿದವನು ಸೊಂಟಕ್ಕೆ ಕೈಯಿಟ್ಟು ಗೋಡೆಯನ್ನೇ ನೋಡುತ್ತ ನಿಂತ.

"ಮಾದಯ್ಯನೋರೇ, ಇವೆಲ್ಲ ಒಡೀದೇ ಇರೋವೇ ತಾನೆ?"

"ಹೂಂ ಮತ್ತೆ."

"ನಂದೂ ಒಡೀದೇ ಇರೋದಲ್ವಾ? ಮತ್ತೆ ಅದ್ಯಾಕೆ ಇಲ್ಲಿಲ್ಲ?"

"ಗೋಡೆ ಮುಗೀತಲ್ಲ ಜವರಪ್ಪ."

"ಗೋಡೆ ಮುಗುದ್ರೆ ಬಾಗ್ಲು ಮೇಲೆ ಜಾಗ ಇಲ್ವಾ? ಎಲ್ಲಾ ಸೇರಿರೋ ಕಡೆ ನಂದೂ ಒಂದು ಇರ್ಲಿ ಬುಡಿ" ಎಂದವನೇ ನಾನು ಹೂಂ ಅನ್ನುವುದಕ್ಕೂ ಕಾಯದೆ ಮತ್ತೆ ಏಣಿ ಹತ್ತಿ ಬಾಗಿಲ ಮೇಲೆ ಸಾವಿರದ ಒಂಬತ್ತು ಎಂದು ಬರೆದುಬಿಟ್ಟ. ಉಳಿದವಕ್ಕಿಂತ ಒಂದು ಸುತ್ತು ದೊಡ್ಡದಾಗಿಯೇ ಬರೆದ. ಪಾಪ, ಅವನ ಖುಷಿ ನೋಡಿ ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

ಮಧ್ಯಾಹ್ನ ಊಟ ಮಾಡಿ ಪಡಸಾಲೆಯಲ್ಲಿ ಕಾಲು ಚಾಚಿದೆ. ನಿದ್ದೆ ಹತ್ತಲಿಲ್ಲ. ಕಣ್ಣು ಬಿಟ್ಟರೆ ಬಾಗಿಲ ಮೇಲಿನ ಆ ಸಾವಿರದ ಒಂಬತ್ತು. ನಮ್ಮ ಕಸುಬಿನವರಿಗೆ ಖಾಲಿ ಕೂತರೆ ಕೈ ಸುಮ್ಮನಿರುವುದಿಲ್ಲ, ಹೊಸ ಭಾಜಕ ಕಂಡರೆ ಏನಾದರೊಂದನ್ನು ಭಾಗಿಸಬೇಕು ಅನ್ನಿಸುತ್ತದೆ. ಊರಿನಲ್ಲೆಲ್ಲ ದೊಡ್ಡದಾದ ಸಂಖ್ಯೆ ಬಾಯಲ್ಲೇ ಇತ್ತು. ಸ್ಲೇಟು ತೆಗೆದುಕೊಂಡು ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳನ್ನು ಸಾವಿರದ ಒಂಬತ್ತರಿಂದ ಭಾಗಿಸಿದೆ. ಭಾಗಲಬ್ಧ ಸಾವಿರದ ಹದಿಮೂರು. ಶೇಷ ಸೊನ್ನೆ.

ಅಳಿಸಿ ಮತ್ತೆ ಮಾಡಿದೆ. ಸೊನ್ನೆ. ಎದ್ದು ಮುಖ ತೊಳೆದುಕೊಂಡು ಬಂದು, ಈ ಸಲ ಗುಣಿಸಿ ನೋಡಿದೆ. ಸಣ್ಣತಾಯಮ್ಮನವರ ಅಂಗಾಲಿನ ಸಂಖ್ಯೆಯೇ ಒಂದು ಅಂಕಿಯೂ ಆಚೀಚೆಯಾಗದೆ ಬಂದು ಕೂತಿತು.

ಅಟ್ಟದ ಪೆಟ್ಟಿಗೆಯಲ್ಲಿ ಅಪ್ಪನ ಹಳೆಯ ಕಾಗದಗಳಿದ್ದವು. ಹುಡುಕಿ ತೆಗೆದೆ. ಅಪ್ಪನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಮೂರಕ್ಕೆ ಎರಡು ಉಳಿಯಿತು, ಏಳಕ್ಕೆ ಐದು, ಹನ್ನೊಂದಕ್ಕೆ ಎಂಟು, ಹದಿಮೂರಕ್ಕೆ ಮತ್ತೆ ಐದು. ಹೀಗೆ ನೂರ ಅರವತ್ತೆಂಟು ಭಾಗಾಕಾರ, ಒಂದರಲ್ಲೂ ತಪ್ಪಿಲ್ಲ. ಕೊನೆಯದು ಒಂಬೈನೂರ ತೊಂಬತ್ತೇಳು: ಭಾಗಲಬ್ಧ ಸಾವಿರದ ಇಪ್ಪತ್ತೈದು, ಶೇಷ ನೂರ ತೊಂಬತ್ತೆರಡು. ಭಾಗಲಬ್ಧ ಇನ್ನೂ ಭಾಜಕಕ್ಕಿಂತ ದೊಡ್ಡದಿದೆ ಎಂದರೆ ಕೆಲಸ ಮುಗಿದಿಲ್ಲ ಎಂದರ್ಥ, ಇನ್ನೊಂದು ಹೆಜ್ಜೆ ಹೋಗಬೇಕು. ಆ ಒಂದು ಹೆಜ್ಜೆಗೆ ಗೋಡೆಯಲ್ಲಿ ಜಾಗ ಇರಲಿಲ್ಲ. ಸಾವಿರದ ಒಂಬತ್ತನ್ನು ಅದರಿಂದಲೇ ಗುಣಿಸಿದರೆ ಬರುವ ಹತ್ತು ಲಕ್ಷದ ಹದಿನೆಂಟು ಸಾವಿರದ ಎಂಬತ್ತೊಂದಕ್ಕಿಂತ ಕೆಳಗಿನ ಯಾವ ಸಂಖ್ಯೆಗಾದರೂ ನಮ್ಮ ಗೋಡೆ ಸಾಕು. ಅದನ್ನು ಮೀರಿ ಹುಟ್ಟಿದವರು ಊರಿನಲ್ಲಿ ಇವರೊಬ್ಬರೇ. ಗೋಡೆ ತಪ್ಪಿದ್ದೂ ಇವರೊಬ್ಬರಿಗೇ.

ಕಾಗದದ ತಳದಲ್ಲಿ ಒಂದು ಸಾಲನ್ನು ಯಾರೋ ಚಾಕುವಿನಿಂದ ಕೆರೆದು ತೆಗೆದಿದ್ದರು. ಬೆಳಕಿಗೆ ಹಿಡಿದರೆ ಅಪ್ಪನ ಒಂಬತ್ತಿನ ಬಾಲ ಕಾಣಿಸಿತು. ಅಲ್ಲಿಗೆ ಅಪ್ಪನೂ ಸಾವಿರದ ಒಂಬತ್ತರಿಂದ ಭಾಗಿಸಿ ನೋಡಿದ್ದರು, ಅವರಿಗೂ ಗೊತ್ತಿತ್ತು. ನನ್ನಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ, ಅವರು ಬದುಕಿದ್ದಾಗಲೂ ಬಂದಿರಲಿಲ್ಲ.

ಸಂಜೆ ಕಟ್ಟೆಗೆ ಹೋದೆ. ಜನ ಚದುರಿದ್ದರು. ಸಣ್ಣತಾಯಮ್ಮ ಒಬ್ಬರೇ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಾನು ಸ್ಲೇಟನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ, ಬಗ್ಗಿಯೂ ನೋಡಲಿಲ್ಲ.

"ಬಾಗಿಲ ಮೇಲೆ ಬರೆದ್ನಂತಲ್ಲ ಜವರಪ್ಪ? ಪುಟ್ಟಗೌರಿ ನೀರಿಗೆ ಬಂದಾಗ ಅಂದ್ಲು. ಇವತ್ತು ನೀನು ಬರ್ತೀಯ ಅಂತಲೇ ಕೂತಿದ್ದೆ" ಎಂದರು.

"ಅಮ್ಮಾ, ನಿಮಗೆ ಗೊತ್ತಿತ್ತಾ?"

"ಸಾವಿರದ ಹನ್ನೊಂದನ್ನ ಸಾವಿರದ ಹನ್ನೊಂದರಿಂದ್ಲೇ ಗುಣಿಸಿ ನಾಲ್ಕು ಕಳೆದ್ರೆ ನಾನು. ಎರಡು ಹಿಂದಕ್ಕೆ ಹೋದ್ರೆ ಜವರಪ್ಪ, ಎರಡು ಮುಂದಕ್ಕೆ ಹೋದ್ರೆ ಸಾವಿರದ ಹದಿಮೂರು. ಆ ಸಾವಿರದ ಹದಿಮೂರು ಹೊತ್ತವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ನಂಗೆ ಸಂಬಂಧವಿಲ್ಲ, ಮೊದಲು ಭಾಗಿಸಿದವನ ಸಾಲೇ ಸಾಲು." ಅಡಕತ್ತರಿ ಕೆಳಗಿಟ್ಟರು. "ನಿಮ್ಮಪ್ಪನಿಗೆ ಅದು ಹೊಳೆದಿದ್ದು ಜವರಪ್ಪ ಹುಟ್ಟಿದ ದಿನ. ನಂಗಾಗ ಐದು ವರ್ಷ. ಊರೆಲ್ಲ ಹೋಳಿಗೆ ತಿಂದಾಗಿತ್ತಲ್ಲ, ಬಾಯಿ ಬಿಡೋಕೆ ನಾಚಿಕೆ. ಇಪ್ಪತ್ತು ವರ್ಷ ನುಂಗಿಕೊಂಡಿದ್ದ. ನಾನು ಈ ಕಟ್ಟೇಲಿ ಕೂತ ವಾರಕ್ಕೆ ಇಲ್ಲೇ, ನೀನು ನಿಂತಿದೀಯಲ್ಲ, ಅಲ್ಲೇ ನಿಂತು ಅತ್ತ. ಕೂರೋಕೆ ಮುಂಚೆ ಅಳಬಾರದಿತ್ತಾ ಅಂತ ಕೇಳ್ದೆ."

"ನೀವು ಎದ್ದುಬಿಡಬೇಕಿತ್ತು."

"ಏಳೋಣ ಅಂತಲೇ ಇದ್ದೆ. ಮಾರನೇ ದಿನ ಇಬ್ಬರು ಬಾವಿ ಹಗ್ಗಕ್ಕೆ ಕುಡುಗೋಲು ಹಿಡಕೊಂಡು ಬಂದ್ರು. ಮೂವತ್ತೇಳು ವರ್ಷ ಕಟ್ಟೆ ಖಾಲಿ ಇದ್ದಿದ್ದಕ್ಕೆ ಊರು ಹಂಗಾಗಿತ್ತು. ಅದೊಂದು ತೀರ್ಮಾನ ಮಾಡಿ ಏಳೋಣ ಅಂದ್ಕೊಂಡೆ. ಆಮೇಲೆ ಇನ್ನೊಂದು ಬಂತು." ಅಡಕತ್ತರಿ ಮತ್ತೆ ಎತ್ತಿಕೊಂಡು ಹೇಳಿದರು, "ಒಂದು ಮಾತ್ರ ಮಾಡ್ದೆ. ಜವರಪ್ಪನ ವ್ಯಾಜ್ಯ ಮುಟ್ಟಲಿಲ್ಲ."

ಆಗ ನನಗೆ ಮೂವತ್ತೊಂದು ವರ್ಷದ ಅಮಾವಾಸ್ಯೆಗಳೆಲ್ಲ ಒಟ್ಟಿಗೆ ಅರ್ಥವಾದವು. ತನ್ನ ಸಾಲಿನವನ ವ್ಯಾಜ್ಯ ಕೇಳುವಂತಿಲ್ಲ. ಕೇಳದೆ ಬಿಟ್ಟಿದ್ದರಿಂದ ಅವರು ಕೊಟ್ಟ ಒಂದು ತೀರ್ಪೂ ಕಟ್ಟುಪಾಡು ಮೀರಿರಲಿಲ್ಲ. ಊರಿನ ಬದು, ಬಾವಿ, ಹಗ್ಗ ಎಲ್ಲವೂ ನೆಟ್ಟಗಿದ್ದವು. ನೆಟ್ಟಗಿಲ್ಲದಿದ್ದದ್ದು ಒಂದು ಗೋಡೆ ಮಾತ್ರ. ನನಗೆ ಅವರ ಮೇಲೆ ಗೌರವವೂ ಬಂತು, ಸಿಟ್ಟೂ ಬಂತು.

"ಅಮ್ಮಾ, ಅವನು ಐವತ್ತೆಂಟು ವರ್ಷ ಒಬ್ಬನೇ ಉಂಡ."

"ನಾನೂ ಒಬ್ಬಳೇ ಉಂಡೆ" ಎಂದವರು ತಾವೇ ತಲೆಯಾಡಿಸಿದರು. "ಇಲ್ಲ, ಅದು ಒಂದೇ ಅಲ್ಲ. ನಂಗೆ ಗೊತ್ತಿತ್ತು. ಆ ಮೂಲೇಲಿ ಕೂತಿರೋನು ನಮ್ಮೋನು ಅಂತ ನೋಡ್ಕೊಂಡು ಉಣ್ತಿದ್ದೆ. ಅವನಿಗೆ ಅದೂ ಇರಲಿಲ್ಲ."

ಏನು ಮಾಡಬೇಕೆಂದು ಕೇಳಿದೆ. ಭಾಗದಯ್ಯನಾಗಿ ತಪ್ಪು ಕಂಡ ಮೇಲೆ ಊರಿಗೆ ಹೇಳುವುದು ನನ್ನ ಕರ್ತವ್ಯ. ಹೇಳಿದರೆ ಕಟ್ಟೆ ಖಾಲಿ. ಜವರಪ್ಪನನ್ನು ಕೂರಿಸೋಣವೆಂದರೆ ಅವನಿಗೂ ಈಗ ಸಾಲು ಬಂತು. ನಮ್ಮ ಮನೆಯ ಮೇಲಿನ ನಂಬಿಕೆಗೂ ಮಣ್ಣು ಬೀಳುತ್ತದೆ, ಊರಿನವರೆಲ್ಲ ಅಂಗಾಲು ತೋರಿಸಿಕೊಂಡು ಇನ್ನೊಮ್ಮೆ ಭಾಗಿಸು ಎಂದು ಬಾಗಿಲಿಗೆ ಬರುತ್ತಾರೆ. ಹೇಳದಿದ್ದರೆ ಜವರಪ್ಪ ಗಂಟಲು ಸರಿಮಾಡಿಕೊಳ್ಳುತ್ತಲೇ ಸಾಯುತ್ತಾನೆ, ಹೆಗಲು ಕೊಡುವವರಿಲ್ಲದೆ ಎತ್ತಿನ ಗಾಡಿಯಲ್ಲಿ ಹೋಗುತ್ತಾನೆ.

"ಶುಕ್ರವಾರದವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರು" ಎಂದರು ಸಣ್ಣತಾಯಮ್ಮ. "ಕಟ್ಟೇಲಿ ಇನ್ನು ನಾಲ್ಕು ವ್ಯಾಜ್ಯ ಇದೆ. ಮುಗಿಸ್ತೀನಿ." ನಾನು ಸ್ಲೇಟು ಎತ್ತಿಕೊಳ್ಳುವಾಗ ಅಂದರು, "ಗೋಡೆ ಮೇಲಿಂದ ಅದನ್ನ ಅಳಿಸಿಬಿಡ್ತೀಯೇನೋ ಅಂತ ಹೆದರಿದ್ದೆ ಕಣೋ." ಅವರು ಹೆದರುತ್ತಾರೆಂದು ನಾನು ಅಂದುಕೊಂಡಿರಲೇ ಇಲ್ಲ.

ಶುಕ್ರವಾರ ಸಿದ್ದವ್ವನ ಮಗಳ ಮದುವೆ ಊಟ. ಎರಡರ ಸಾಲು ಎಂದಿನಂತೆ ಅರ್ಧ ಚಪ್ಪರ ತುಂಬಿತ್ತು. ನಾನು ಮೂರರ ಸಾಲಿನಲ್ಲಿ ನಮ್ಮಣ್ಣಂದಿರ ನಡುವೆ ಕೂತಿದ್ದೆ. ಬಡಗಣ ಮೂಲೆಯಲ್ಲಿ ಸಣ್ಣತಾಯಮ್ಮ, ತೆಂಕಣ ಮೂಲೆಯಲ್ಲಿ ಜವರಪ್ಪ. ಎಲೆಗೆ ಉಪ್ಪು ಬಿತ್ತು, ಪಲ್ಯ ಬಿತ್ತು, ಅನ್ನ ಬಿತ್ತು. ಆಗ ಸಣ್ಣತಾಯಮ್ಮ ತಮ್ಮ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಎದ್ದರು. ಬಡಿಸಿದ ಎಲೆ ಎತ್ತಬಾರದು, ಮಕ್ಕಳಿಗೂ ಅದು ಗೊತ್ತು. ಚಪ್ಪರದ ಮಾತೆಲ್ಲ ನಿಂತಿತು. ಅವರು ಎಲೆ ಓಲಾಡದಂತೆ ನಿಧಾನವಾಗಿ ಐದರವರನ್ನು ದಾಟಿ, ಏಳರವರನ್ನು ದಾಟಿ, ಅಂಗಳದ ಉದ್ದಕ್ಕೂ ನಡೆದು ಜವರಪ್ಪನ ಪಕ್ಕ ಎಲೆ ಹಾಸಿ ಕೂತರು.

"ಇದ್ಯಾವ ಸಾಲು?" ಎಂದು ಎರಡರ ಸಾಲಿನಿಂದ ಕೆಂಪಯ್ಯ ಕೂಗಿದ. ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಪ್ರಶ್ನೆಗೆ ಉತ್ತರ ಕೊಡುವುದು ಭಾಗದಯ್ಯನ ಕೆಲಸ. ಎದ್ದು ನಿಂತೆ. ಅಪ್ಪನಿಗೆ ಸಾಯುವವರೆಗೂ ಆಗದಿದ್ದ ಕೆಲಸ.

"ಸಾವಿರದ ಒಂಬತ್ತರ ಸಾಲು" ಎಂದೆ. "ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳಕ್ಕೆ ಶೇಷ ಸೊನ್ನೆ. ತಪ್ಪು ನಮ್ಮ ಮನೇದು." ಲೆಕ್ಕ ಬಲ್ಲವರು ಬೆರಳು ಮಡಚತೊಡಗಿದರು, ಬಾರದವರು ಅವರ ಮುಖ ನೋಡತೊಡಗಿದರು.

ಜವರಪ್ಪ ಮಾತ್ರ ಎಲೆಯಿಂದ ಕಣ್ಣೆತ್ತಿರಲಿಲ್ಲ. "ಯಾವಾಗಿಂದ ಗೊತ್ತು?" ಎಂದ, ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವ ಹಾಗೆ. ಚಪ್ಪರ ಎಷ್ಟು ನಿಶ್ಶಬ್ದವಾಗಿತ್ತೆಂದರೆ ನನಗೂ ಕೇಳಿಸಿತು.

"ಮೂವತ್ತೆಂಟು ವರ್ಷದಿಂದ."

"ನಂಗೆ ವಿಷಮ ಜ್ವರ ಬಂದು ಮೂರು ವಾರ ಮನೇಲಿ ಒಬ್ನೇ ಬಿದ್ದಿದ್ದೆ. ಆಗ?"

"ಆಗ್ಲೂ ಗೊತ್ತಿತ್ತು. ಬರಲಿಲ್ಲ."

ಜವರಪ್ಪ ತನ್ನ ಎಲೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡ. ಸಣ್ಣತಾಯಮ್ಮ ತಮ್ಮ ಎಲೆಯನ್ನು ಹತ್ತಿರಕ್ಕೆ ತರಲಿಲ್ಲ. ಮೂವತ್ತೆಂಟು ವರ್ಷ ಊರಿನ ಬಾಯಿ ಮುಚ್ಚಿಸಿದ ಹೆಂಗಸು ಅಲ್ಲಿ ಪಲ್ಯದ ಮುಂದೆ ತಪ್ಪು ಮಾಡಿದ ಮಗುವಿನಂತೆ ಕೂತಿದ್ದನ್ನು ನೋಡಿ ನನಗೆ ಅಳು ಬಂತು.

ಅನ್ನ ಆರುತ್ತಿತ್ತು. ಸಾರಿನವನು ಬಕೆಟ್ಟು ಹಿಡಿದು ಹೊರಟ. ಎರಡರ ಸಾಲಾಯಿತು, ಮೂರರದಾಯಿತು, ಹಾಗೇ ಕೊನೆಯ ಸಾಲಿನವರೆಗೂ ಹೋಗಿ ಅಭ್ಯಾಸಬಲದಿಂದ ತೆಂಕಣ ಮೂಲೆಯನ್ನು ಬಿಟ್ಟು ಅಡುಗೆಮನೆಯ ಕಡೆ ತಿರುಗಿದ. ಜವರಪ್ಪ ಗಂಟಲು ಸರಿಮಾಡಿಕೊಂಡ. ಸಾರಿನವನು ತಿರುಗಲಿಲ್ಲ. ಇನ್ನೊಮ್ಮೆ ಸರಿಮಾಡಿಕೊಂಡ.

"ಏಯ್ ಸಾರಿನವನೇ" ಎಂದು ಸಣ್ಣತಾಯಮ್ಮ ಕೂಗಿದರು. ಕಟ್ಟೆಯಿಂದ ಮೂರು ಬೀದಿಗೆ ಕೇಳಿಸುತ್ತಿದ್ದ ಅದೇ ಗಂಟಲು. "ಎಲ್ಲಿಗೆ ಹೋಗ್ತೀಯ? ಇಲ್ಲೊಂದು ಸಾಲಿರೋದು ಕಾಣಲ್ವಾ?"

ಅವನು ಎದ್ದೂ ಬಿದ್ದೂ ಓಡಿ ಬಂದ. ತಪ್ಪಿಗೆ ಪರಿಹಾರವೆಂಬಂತೆ ಸೌಟು ತುಂಬಿ ಮೊದಲು ಜವರಪ್ಪನ ಎಲೆಯ ಮೇಲೆ ಹಿಡಿದ. ಜವರಪ್ಪ ಅಂಗೈ ಅಡ್ಡ ಹಿಡಿದು ತಡೆದ. ಸುಣ್ಣ ತಿಂದು ಬಿರಿದ ಕೈ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ಹುಟ್ಟಿದ ಮೇಲೆ ಒಮ್ಮೆಯೂ ಆಡದಿದ್ದ ಮಾತು, ಬಾಯಿಗೆ ಬರಲು ತಡವಾಯಿತೇನೋ.

"ಮೊದ್ಲು ಅಕ್ಕಂಗೆ ಬಡ್ಸು" ಎಂದ.

ಕೆಂಪಯ್ಯನ ಸೂರು ಈಗಲೂ ಹಾಗೇ ಇದೆ. ಕಟ್ಟೆ ಖಾಲಿ. ಆ ದಿನ ಸಾರು ಆರಿತ್ತು, ಇಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು.